ನೀಲವ್ವನ ಮುಳ್ಳು ಮತ್ತು ನರಿಯ ಟೀವಿ

ಒಂದು ಕಾಡಿನಲ್ಲಿ ಬೇಕಾದ್ದೆಲ್ಲ ಇತ್ತು. ಕೆರೆಯಿತ್ತು, ಹಣ್ಣಿತ್ತು, ನೆರಳಿತ್ತು. ಜಗಳವೂ ಬೇಕಾದಷ್ಟಿತ್ತು. ಇಲ್ಲದ್ದು ಟೀವಿ ಮಾತ್ರ. ಒಂದು ದಿನ ಅದೂ ಬಂತು. ಕಾಡಿಗೆ ಟೀವಿ ಹೇಗೆ ಬಂತು, ಕರೆಂಟು ಎಲ್ಲಿಂದ ಎಂದು ಕೇಳಬೇಡಿ ಮಕ್ಕಳೇ. ನರಿ ಮಾತಾಡುತ್ತದೆ ಎಂದು ಒಪ್ಪಿಕೊಂಡವರು ಇಷ್ಟನ್ನೂ ಒಪ್ಪಿಕೊಳ್ಳಬೇಕು.

ಟೀವಿ ತಂದವನು ಜಂಬುಕರಾಯ ಎಂಬ ನರಿ. ತಾವರೆಕೆರೆಯ ದಂಡೆಯಲ್ಲಿದ್ದ ದೊಡ್ಡ ಬಂಡೆಯ ಮೇಲೆ ಅದನ್ನು ಇಟ್ಟ. ಅಲ್ಲಿಯವರೆಗೆ ಸಂಜೆ ನೀರಿಗೆ ಬಂದ ಪ್ರಾಣಿಗಳು ಒಂದಿಷ್ಟು ಹರಟೆ ಹೊಡೆದು ಮನೆಗೆ ಹೋಗುತ್ತಿದ್ದವು. ಈಗ ನೀರು ಕುಡಿಯುವುದನ್ನೂ ಮರೆತು ಬಾಯಿ ತೆರೆದುಕೊಂಡು ಕೂರತೊಡಗಿದವು. ಜಂಬುಕರಾಯ ಇದನ್ನು ಪ್ರಗತಿ ಎಂದು ಕರೆದ.

ಅವನ ಕಾರ್ಯಕ್ರಮದ ಹೆಸರು 'ಒಂದೇ ಗುಹೆ'. ಬೇರೆ ಬೇರೆ ಕಡೆಯ ಪ್ರಾಣಿಗಳನ್ನು ತಂದು ಒಂದೇ ಗುಹೆಯಲ್ಲಿ ಕೂಡಿಹಾಕುವುದು. ಅವು ಮಾಡಿದ್ದನ್ನೆಲ್ಲ ಕೋತಿ ಕ್ಯಾಮೆರಾದಲ್ಲಿ ಹಿಡಿಯುವುದು. ಇಲಿಗಳು ಅದನ್ನು ಕತ್ತರಿಸಿ ಜೋಡಿಸುವುದು. ಆಮೇಲೆ ಜಂಬುಕರಾಯ ಮಿರಿಮಿರಿ ಮಿಂಚುವ ಕೋಟು ತೊಟ್ಟು ಬಂದು, "ಪ್ರಿಯ ವೀಕ್ಷಕರೇ, ಇಲ್ಲಿ ನಡೆಯೋದೆಲ್ಲ ನಿಜ, ನಿಜ, ಬರೀ ನಿಜ!" ಎನ್ನುವುದು. ನಿಜವನ್ನು ಮೂರು ಮೂರು ಸಲ ಯಾಕೆ ಹೇಳುತ್ತಾನೆ ಎಂದು ಯಾರೂ ಕೇಳಲಿಲ್ಲ.

ಮೊದಲು ಗುಹೆಗೆ ಹೋದವರು ಒಂದು ನವಿಲು, ಒಂದು ಕಾಡುಹಂದಿ, ಪುಟ್ಟಸ್ವಾಮಿ ಎಂಬ ಮೊಲ. ಪಾಪ, ಮೂವರೂ ಮರ್ಯಾದಸ್ಥರು. ಹಂಚಿಕೊಂಡು ತಿಂದರು, ಹೊತ್ತಿಗೆ ಸರಿಯಾಗಿ ಮಲಗಿದರು. ಬಂಡೆಯ ಮುಂದಿನ ಗುಂಪು ಕರಗತೊಡಗಿತು. ಜಂಬುಕರಾಯನಿಗೆ ಊಟ ಸೇರಲಿಲ್ಲ. "ಒಳ್ಳೆಯವರನ್ನು ಯಾರು ನೋಡ್ತಾರೆ? ಒಂದು ಕೂಗಾಟ ಬೇಡ್ವಾ, ಒಂದು ಕಚ್ಚಾಟ ಬೇಡ್ವಾ?" ಎಂದು ಇಲಿಗಳ ಮೇಲೆ ರೇಗಿದ. ಆಗ ಅವನಿಗೆ ಕೆಂಗಲ್ಲುಗುಡ್ಡದ ನೆನಪಾಯಿತು.

ಕೆಂಗಲ್ಲುಗುಡ್ಡ ಕಾಡಿನ ಬಡಗಣ ಅಂಚಿನಲ್ಲಿತ್ತು. ಕೆಂಪು ಕಲ್ಲು, ಕುರುಚಲು ಗಿಡ, ಎದೆಯೆತ್ತರದ ಒಣಹುಲ್ಲು. ಆ ಹುಲ್ಲಿನ ಅಡಿಯಲ್ಲಿ ನೆಲ ಸೀಳಿ ಆದ ಆಳವಾದ ಬಿರುಕುಗಳಿದ್ದವು. ಗೊತ್ತಿಲ್ಲದೆ ಕಾಲಿಟ್ಟರೆ ನೇರ ಒಳಕ್ಕೆ. ಅಲ್ಲಿ ವಾಸವಾಗಿದ್ದ ಮುಳ್ಳುಹಂದಿಗಳಿಗೆ ಬಿರುಕು ಎಲ್ಲೆಲ್ಲಿದೆ ಎಂದು ಗೊತ್ತಿತ್ತು. ಹಾಗಾಗಿ ಅವರಲ್ಲೊಂದು ಪದ್ಧತಿ. ಯಾರಾದರೂ ಬಿರುಕಿನ ಕಡೆ ನಡೆಯುವುದು ಕಂಡರೆ, ಅವರಿಗೆ ಬೆನ್ನು ತಿರುಗಿಸಬೇಕು, ಮುಳ್ಳು ಎತ್ತಬೇಕು, ಕಾಲನ್ನು ನೆಲಕ್ಕೆ ಅಪ್ಪಳಿಸಿ ಬಾಲದ ಮುಳ್ಳುಗಳನ್ನು ಗಲಗಲ ಆಡಿಸಬೇಕು. 'ನಿಲ್ಲು, ಮುಂದೆ ಬಿರುಕಿದೆ' ಎಂದು ಅದರ ಅರ್ಥ. ಗುಡ್ಡದ ಗಾಳಿಯಲ್ಲಿ ಮಾತು ಹಾರಿಹೋದರೂ ಈ ಸದ್ದು ಕೇಳುತ್ತಿತ್ತು. ಕಂಡೂ ಎಚ್ಚರಿಸದೆ ಸುಮ್ಮನಿದ್ದವರನ್ನು ಅಲ್ಲಿ ಯಾರೂ ಮನೆಗೆ ಸೇರಿಸುತ್ತಿರಲಿಲ್ಲ.

ಜಂಬುಕರಾಯ ಗುಡ್ಡ ಹತ್ತಿ, ನೀಲವ್ವ ಎಂಬ ಹಿರಿಯ ಮುಳ್ಳುಹಂದಿಯ ಬಿಲದ ಮುಂದೆ ನಿಂತ.

"ಬರ್ರಿ, ಬರ್ರಿ. ಬಿಸಲಾಗ ಬಂದೀರಿ, ಕುಂದರ್ರಿ. ಮೊದಲ ಒಂದೀಟು ಗೆಡ್ಡಿ ತಿನ್ರಿ, ಆಮ್ಯಾಲ ಮಾತಾಡೋಣಂತ" ಎಂದಳು ನೀಲವ್ವ.

ನರಿ ಗೆಡ್ಡೆ ತಿಂದು ಬಾಯಿ ಒರೆಸಿಕೊಂಡ. "ನೀಲವ್ವನವರೇ, ನೀವು ನಮ್ಮ ಗುಹೆಗೆ ಬಂದರೆ ನಿಮ್ಮ ಗುಡ್ಡದ ಹೆಸರು ಇಡೀ ಕಾಡಿಗೆ ಗೊತ್ತಾಗುತ್ತೆ" ಎಂದ.

"ಹೆಸರು ತಗೊಂಡು ಏನ್ ಮಾಡೋದೈತ್ರಿ? ಆದರ ಬ್ಯಾಸಗ್ಯಾಗ ನಮ್ಮ ಗುಡ್ಡದಾಗ ನೀರು ಬತ್ತತೈತಿ. ಆಗ ನಾವೆಲ್ಲಾ ತಾವರೆಕೆರಿಗೇ ಬರೋದು. ಕೆಳಗಿನ ಮಂದಿಗೆ ನಮ್ಮ ಪರಿಚಯ ಇನ್ನೊಂದೀಟು ಆದರ ಚಲೋನ."

"ಪರಿಚಯ ತಾನೇ? ಚೆನ್ನಾಗಿ ಮಾಡಿಸ್ತೀನಿ ಬನ್ನಿ" ಎಂದು ನರಿ ಒಳಗೊಳಗೇ ನಕ್ಕ.

ಗುಹೆಯಲ್ಲಿ ನೀಲವ್ವ ಬೇರು ಅಗೆದು ಎಲ್ಲರಿಗೂ ಹಂಚಿದಳು. ಕಾಡುಹಂದಿಯ ಕಾಲಿಗೆ ಚುಚ್ಚಿದ್ದ ಮುಳ್ಳು ತೆಗೆದಳು. ಗುಡುಗಿಗೆ ಹೆದರಿದ ನವಿಲಿಗೆ ಜೋಗುಳ ಹಾಡಿ ಮಲಗಿಸಿದಳು. ಇಲಿಗಳು ಅದನ್ನೆಲ್ಲ ಕತ್ತರಿಸಿ ಬಿಸಾಡಿದವು. "ಇದರಲ್ಲಿ ಮಸಾಲೆನೇ ಇಲ್ಲ ಸಾರ್" ಎಂದವು.

ಒಂದು ದಿನ ಪುಟ್ಟಸ್ವಾಮಿ ಕುಪ್ಪಳಿಸುತ್ತ ಗುಹೆಯ ಹಿಂಬದಿಗೆ ಹೋದ. ಅಲ್ಲಿ ಕತ್ತಲಲ್ಲಿ ಒಂದು ಬಿರುಕಿತ್ತು. ನೀಲವ್ವ ನೋಡಿದಳು. ತಟ್ಟನೆ ಬೆನ್ನು ತಿರುಗಿಸಿ, ಮುಳ್ಳೆತ್ತಿ, ಕಾಲು ಅಪ್ಪಳಿಸಿ ಗಲಗಲ ಸದ್ದು ಮಾಡಿದಳು. ಮೊಲ ಬೆಚ್ಚಿ ನಿಂತಿತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅದರ ಕಥೆ ಮುಗಿದಿತ್ತು. ನಡುಗುತ್ತಲೇ ಕ್ಯಾಮೆರಾ ಮುಂದೆ ಬಂದು ಕೈಮುಗಿಯಿತು. "ನೀಲವ್ವ ಹಾಗೆ ಮುಳ್ಳು ಆಡಿಸದೇ ಇದ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ!" ಎಂದಿತು.

ಇಲಿಗಳಿಗೆ ಹಬ್ಬವಾಯಿತು.

ಅಂದು ಸಂಜೆ ಟೀವಿಯಲ್ಲಿ ಬಿರುಕು ಇರಲೇ ಇಲ್ಲ. ನೀಲವ್ವ ಮುಳ್ಳೆತ್ತಿದ್ದು ಇತ್ತು. ಅದಕ್ಕೆ ಢಂ ಢಂ ಎಂದು ನಗಾರಿ ಸದ್ದು ಸೇರಿತ್ತು. ಅದೇ ಮುಳ್ಳು ನಿಧಾನವಾಗಿ ಮತ್ತೊಮ್ಮೆ ಎದ್ದಿತು, ಪಕ್ಕದಿಂದ ಇನ್ನೊಮ್ಮೆ ಎದ್ದಿತು. ಆಮೇಲೆ ನಡುಗುವ ಮೊಲ. "ನಾನು ಸತ್ತೇ ಹೋಗ್ತಿದ್ದೆ!" ಅಷ್ಟೇ. ಕೊನೆಗೆ ಜಂಬುಕರಾಯ ಬಂದು ಒಣಗಿದ ಕಣ್ಣು ಒರೆಸಿಕೊಂಡ. "ಕೆಂಗಲ್ಲುಗುಡ್ಡದ ಕಡೆಯವರು ಜಗಳಗಂಟರು ಅಂತ ಕೇಳಿದ್ದೆ ವೀಕ್ಷಕರೇ. ಇವತ್ತು ಕಣ್ಣಾರೆ ಕಂಡೆ" ಎಂದ.

"ಆ ಕಡೆಯವರೇ ಹಾಗೆ" ಎಂದಿತು ಜಿಂಕೆ. ಅದು ಆ ಕಡೆಗೆ ಒಮ್ಮೆಯೂ ಹೋದದ್ದಿಲ್ಲ.

"ಒಬ್ಬರನ್ನ ನೋಡಿದ್ರೆ ಸಾಕು, ಎಲ್ಲರನ್ನೂ ನೋಡಿದ ಹಾಗೇ" ಎಂದಿತು ಒಂಟಿಕಾಲಲ್ಲಿ ನಿಂತ ಕೊಕ್ಕರೆ. ಗಿಳಿ "ಬರ್ರಿ, ಬರ್ರಿ" ಎಂದು ಅಣಕಿಸಿ ತೋರಿಸಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಂಪು ಎರಡರಷ್ಟಾಯಿತು. ನೀಲವ್ವನನ್ನು ಗುಹೆಯಿಂದ ಕಳಿಸಿದರು. ಕೊನೆಯವರೆಗೆ ಗುಹೆಯಲ್ಲಿ ಉಳಿದು ಗೆದ್ದವನು ಪುಟ್ಟಸ್ವಾಮಿ. ಅವನಿಗೆ ಬಹುಮಾನವಾಗಿ ಗರಿಕೆ ಹುಲ್ಲಿನ ದೊಡ್ಡ ಹೊರೆ ಸಿಕ್ಕಿತು. ಬಾಯಿತುಂಬ ಹುಲ್ಲಿದ್ದಾಗ ನಿಜ ಹೇಳಲು ಪಾಪ ಅವನಿಗೆ ಪುರುಸೊತ್ತಾಗಲಿಲ್ಲ.

ಬೇಸಿಗೆ ಬಂತು. ಕೆಂಗಲ್ಲುಗುಡ್ಡದ ಹೊಂಡಗಳು ಬತ್ತಿದವು. ನೀಲವ್ವನ ಮಗಳು ಸಂಗವ್ವ ಆಗತಾನೇ ಮರಿ ಹಾಕಿದ್ದಳು. ನೀರಿಲ್ಲದೆ ಅವಳಿಗೆ ಹಾಲು ಇಳಿಯುತ್ತಿರಲಿಲ್ಲ. ಪ್ರತಿವರ್ಷದಂತೆ ಮುಳ್ಳುಹಂದಿಗಳು ತಾವರೆಕೆರೆಗೆ ಇಳಿದವು. ಕೆರೆಯ ದಾರಿಯಲ್ಲಿ ಕಾಡುಕೋಣ ಭದ್ರಯ್ಯ ಅಡ್ಡ ನಿಂತಿದ್ದ. ಅವನು ಕೆರೆಯ ಯಜಮಾನ.

"ನೀವು ಬರಬೇಡಿ ಕಣಮ್ಮ. ಇಲ್ಲಿ ಮಕ್ಕಳು ಮರಿ ಇರ್ತವೆ" ಎಂದ.

"ಯಾಕ್ರೀ ಅಣ್ಣಾರ? ಹೋದ ಬ್ಯಾಸಗ್ಯಾಗ ನೀವ ಜಾಗ ಬಿಟ್ಟು ನೀರು ಕುಡಸಿದ್ರಲ್ಲ?" ಎಂದಳು ನೀಲವ್ವ.

"ಆಗ ನಮಗೆ ಟೀವಿ ಇರಲಿಲ್ಲ. ನೀವು ಎಂಥವರು ಅಂತ ಗೊತ್ತಿರಲಿಲ್ಲ."

"ನಲವತ್ತು ಬ್ಯಾಸಗಿ ಸೇರಿ ನೀರು ಕುಡದೀವಿ. ಆವಾಗೆಲ್ಲಾ ನಾವು ಯಾರಿಗರ ಚುಚ್ಚೀವೇನ್ರೀ?"

ಭದ್ರಯ್ಯ ಯೋಚಿಸಿದ. ಚುಚ್ಚಿದ್ದು ನೆನಪಾಗಲಿಲ್ಲ. ಆದರೆ ನಗಾರಿ ಸದ್ದು ಚೆನ್ನಾಗಿ ನೆನಪಿತ್ತು. "ನೀವು ಮೊಲಕ್ಕೆ ಮುಳ್ಳೆತ್ತಿದ್ದನ್ನ ನಾನು ನನ್ನ ಕಣ್ಣಿಂದ ನೋಡಿದೀನಿ" ಎಂದು ಕೊಂಬು ಬಗ್ಗಿಸಿದ.

ನೀಲವ್ವನಿಗೆ ಅಳು ಬಂತು. ಅವಳು ಅತ್ತಿದ್ದನ್ನು ಯಾವ ಕ್ಯಾಮೆರಾವೂ ಹಿಡಿಯಲಿಲ್ಲ. ನೀರು ಕುಡಿಯದೆಯೇ ಎಲ್ಲರೂ ಗುಡ್ಡ ಹತ್ತಿದರು. ಹಸಿ ಬೇರು ಅಗಿದು, ಎಲೆಯ ಇಬ್ಬನಿ ನೆಕ್ಕಿ ದಿನ ತಳ್ಳಿದರು. ಸಂಗವ್ವನ ಮರಿಗಳು ದಿನದಿಂದ ದಿನಕ್ಕೆ ಸೊರಗಿದವು.

"ಅವ್ವಾ, ಈ ಮುಳ್ಳು ಆಡಸೂದರಿಂದಾನ ಇಷ್ಟೆಲ್ಲಾ ಆತು. ಇದನ್ನ ಬಿಟ್ಟಬಿಡೂಣು" ಎಂದಳು ಸಂಗವ್ವ.

"ಬಿಟ್ಟರ ಯಾರರ ಬಿದ್ದು ಸಾಯ್ತಾರವ್ವಾ. ನಮ್ಮನ್ನ ಬೈದವರಾದರೂ ಬೀಳಬಾರದು" ಎಂದಳು ನೀಲವ್ವ.

ಇತ್ತ ಜಂಬುಕರಾಯನ ಆಸೆ ಬೆಳೆಯಿತು. 'ಜಗಳಗಂಟರ ಗುಡ್ಡದಿಂದ ನೇರ ಪ್ರಸಾರ' ಎಂದು ಕಾಡಿಗೆಲ್ಲ ಸಾರಿಸಿದ. ಇಲಿಗಳು ಅವನ ಹಿಂದೆ ಓಡಿಬಂದವು.

"ಸಾರ್, ನೇರ ಪ್ರಸಾರ ಅಂದ್ರೆ ನಾವು ಕತ್ತರಿಸೋಕೆ ಆಗಲ್ಲ."

"ಕತ್ತರಿಸೋದು ಯಾಕ್ರಯ್ಯಾ? ಆ ಜನ ಇರೋದೇ ಹಾಗೆ!" ಎಂದ ಜಂಬುಕರಾಯ. ತಾನೇ ಕಟ್ಟಿದ ಸುಳ್ಳನ್ನು ದಿನಾ ಟೀವಿಯಲ್ಲಿ ನೋಡಿ ನೋಡಿ ಅವನಿಗೂ ಅದರಲ್ಲಿ ನಂಬಿಕೆ ಬಂದುಬಿಟ್ಟಿತ್ತು.

ಪ್ರಸಾರದ ದಿನ ಮಧ್ಯಾಹ್ನ ಇಡೀ ಕಾಡು ಬಂಡೆಯ ಮುಂದೆ ಸೇರಿತ್ತು. ಗುಡ್ಡದಲ್ಲಿ ಕೋತಿ ಕ್ಯಾಮೆರಾ ಹಿಡಿದಿತ್ತು. ಜಂಬುಕರಾಯ ಕ್ಯಾಮೆರಾಕ್ಕೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಮಾತಾಡುತ್ತಿದ್ದ. ಅವನ ಬೆನ್ನ ಹಿಂದೆ ಹುಲ್ಲು. ಹುಲ್ಲಿನಲ್ಲಿ ಬಿರುಕು. ಬಿಲದ ಬಾಯಲ್ಲಿ ಕೂತಿದ್ದ ನೀಲವ್ವ ಅದನ್ನು ಕಂಡಳು.

"ಬಿಡವ್ವಾ, ಬೀಳಲಿ!" ಎಂದಳು ಸಂಗವ್ವ.

ನೀಲವ್ವ ಬಿಡಲಿಲ್ಲ. ಓಡಿಬಂದು ಬೆನ್ನು ತಿರುಗಿಸಿ ಮುಳ್ಳೆತ್ತಿದಳು. ಒಣಗಿದ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಕಾಲು ಅಪ್ಪಳಿಸಿದಳು, ಗಲಗಲ ಆಡಿಸಿದಳು.

"ನೋಡಿ ವೀಕ್ಷಕರೇ, ನೋಡಿ! ಬಂದ ಕೂಡಲೇ ಶುರು!" ಎಂದು ನರಿ ಕುಣಿದಾಡಿದ.

"ನಿಂದರ್ರೀ! ನಿಮ್ಮ ಹಿಂದ ಬಿರುಕು ಐತಿ!"

"ಭಾಷೆ ಕೇಳಿ, ಎಷ್ಟು ಒರಟು! ಕ್ಯಾಮೆರಾ ಹತ್ತಿರ ತಗೊಳ್ಳಯ್ಯಾ, ಆ ಸಿಟ್ಟು ಪೂರ್ತಿ ಕಾಣಲಿ" ಎಂದು ಜಂಬುಕರಾಯ ಇನ್ನೊಂದು ಹೆಜ್ಜೆ ಹಿಂದೆ ಸರಿದ.

ಟೀವಿಯಲ್ಲಿ ಜಂಬುಕರಾಯ ಕಾಣಿಸಲಿಲ್ಲ. ಬರೀ ಹುಲ್ಲು ಕಾಣಿಸಿತು.

ಕೆರೆಯ ದಂಡೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. "ಎಂಥ ನಟನೆ!" ಎಂದಿತು ಕೊಕ್ಕರೆ. "ಅಯ್ಯೋ, ಕಾಪಾಡಿ! ಇದು ನಿಜ!" ಎಂದು ಬಿರುಕಿನೊಳಗಿಂದ ನರಿ ಕಿರುಚಿದ. "ನಿಜ, ನಿಜ, ಬರೀ ನಿಜ!" ಎಂದು ಜಿಂಕೆಗಳು ರಾಗ ಎಳೆದು ನಕ್ಕವು. ಕೋತಿ ಕದಲಲಿಲ್ಲ. ಏನೇ ಆದರೂ ಕ್ಯಾಮೆರಾ ನಿಲ್ಲಿಸಬಾರದು, ಯಾರ ಸಹಾಯಕ್ಕೂ ಹೋಗಬಾರದು ಎಂದು ಜಂಬುಕರಾಯನೇ ಕಟ್ಟಪ್ಪಣೆ ಮಾಡಿದ್ದ.

ಸಹಾಯಕ್ಕೆ ಹೋದವರು ಮುಳ್ಳುಹಂದಿಗಳು. ಬಿರುಕಿನ ಪಕ್ಕದ ನೆಲ ಅಗೆದು ಇಳಿಜಾರು ಮಾಡಿದರು. ಉಗುರು ಕಿತ್ತು ರಕ್ತ ಬಂದರೂ ಬಿಡಲಿಲ್ಲ. ಕೊನೆಗೆ ಕೋಟು ಹರಿದ, ಕಾಲು ಉಳುಕಿದ ಜಂಬುಕರಾಯ ಮೇಲೆ ಬಂದ. ಕೆರೆಯ ದಂಡೆಯಲ್ಲಿ ನಗು ನಿಂತಿತ್ತು. ಕತ್ತರಿಸದ ಟೀವಿಯನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

ನೀಲವ್ವ ನರಿಯ ಮುಂದೆ ಗೆಡ್ಡೆ ಇಟ್ಟಳು. "ಮೊದಲ ಒಂದೀಟು ತಿನ್ರಿ. ಕುಡಿಯಾಕ ಕೊಡೋಣಂದ್ರ ನಮ್ಮಲ್ಲಿ ನೀರಿಲ್ಲ" ಎಂದಳು.

ಕೋತಿಗೆ ತಡೆಯಲಾಗಲಿಲ್ಲ. ಕ್ಯಾಮೆರಾ ಹಿಂದಿನಿಂದಲೇ ಕೇಳಿತು: "ಅಮ್ಮಾ, ನೀವು ಮುಳ್ಳು ಆಡಿಸಿದ್ದು ಯಾಕೆ?"

"ಬೀಳಬಾರದು ಅಂತ. ಗುಹ್ಯಾಗ ಆ ಮೊಲಕ್ಕೂ ಅದಕ್ಕ ಆಡಿಸಿದ್ನಲ್ಲಪಾ."

ಬಂಡೆಯ ಮುಂದೆ ಕೂತಿದ್ದವರೆಲ್ಲ ಪುಟ್ಟಸ್ವಾಮಿಯ ಕಡೆ ತಿರುಗಿದರು. ಅವನು ಬಾಯಲ್ಲಿದ್ದ ಹುಲ್ಲು ನುಂಗಿದ. "ಹೌದು, ಅಲ್ಲಿ ಬಿರುಕಿತ್ತು" ಎಂದ.

"ಮೊದಲೇ ಯಾಕೆ ಬೊಗಳಲಿಲ್ಲ?" ಎಂದು ಭದ್ರಯ್ಯ ಗುಡುಗಿದ.

"ನೀವು ಯಾರೂ ಕೇಳಲಿಲ್ಲ" ಎಂದ ಪುಟ್ಟಸ್ವಾಮಿ.

ಬಿಸಿಲು ಇಳಿಯುವ ಮೊದಲೇ ಭದ್ರಯ್ಯ ತಾನೇ ಗುಡ್ಡ ಹತ್ತಿದ. ದಾರಿಯಲ್ಲಿ ಹುಲ್ಲಿನ ಆಚೆ ಗಲಗಲ ಸದ್ದಾಯಿತು. ಆ ದೊಡ್ಡ ಪ್ರಾಣಿ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟುಕೊಂಡಿತು. "ತಪ್ಪಾಯ್ತು ನೀಲವ್ವ. ಕೆರೆಗೆ ಬನ್ನಿ" ಎಂದು ತಲೆ ತಗ್ಗಿಸಿದ. ಸಂಗವ್ವ ತಾವರೆಕೆರೆಯಲ್ಲಿ ಹೊಟ್ಟೆತುಂಬ ನೀರು ಕುಡಿದಳು. ಮರಿಗಳು ಬದುಕಿಕೊಂಡವು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಡಿನವರು ಪಾಠ ಕಲಿತರು ಎಂದುಕೊಂಡಿರಾ? ಕಲಿತರು, ಬಹಳ ಚೆನ್ನಾಗಿ ಕಲಿತರು. ಮರುದಿನವೇ ಜಿಂಕೆ ಹೇಳಿತು: "ನರಿಗಳೇ ಹಾಗೆ. ಒಂದನ್ನ ನೋಡಿದ್ವಲ್ಲ, ಸಾಕು." ಕೊಕ್ಕರೆ ಹೌದೆಂದಿತು. ಗಿಳಿ ನರಿಯ ಕಿರುಚಾಟವನ್ನು ಅಣಕಿಸಿತು. ಟೀವಿಯನ್ನೇ ನೋಡಿರದ ಬಡ ನರಿಗಳನ್ನೂ ಎಲ್ಲರೂ ಸುಳ್ಳುಗಾರರು ಎಂದು ಕೆರೆಯಿಂದ ಅಟ್ಟತೊಡಗಿದರು.

ಜಂಬುಕರಾಯ ಕುಂಟುತ್ತ ನೀಲವ್ವನ ಹತ್ತಿರ ಬಂದ. ಈಗ ಅವನ ಕಣ್ಣಲ್ಲಿ ನಿಜವಾದ ನೀರಿತ್ತು.

"ಸುಳ್ಳು ಹೇಳಿದ್ದು ನಾನೊಬ್ಬ. ನಮ್ಮ ಕುಲದವರೆಲ್ಲ ಏನು ಮಾಡಿದ್ರು? ನನ್ನ ತಂಗಿ ಮಕ್ಕಳಿಗೆ ನೀರು ಕೊಡ್ತಾ ಇಲ್ಲ. ಇದು ಅನ್ಯಾಯ ಅಲ್ವಾ ನೀಲವ್ವ?"

ಬಯ್ಯಲು ನೀಲವ್ವನಿಗೆ ಬೇಕಾದಷ್ಟು ಮಾತಿದ್ದವು. "ಹೌದ್ರಿ, ಇದು ಅನ್ಯಾಯನ" ಎಂದಷ್ಟೇ ಹೇಳಿ ಎದ್ದಳು.

ಕೆರೆಯ ದಾರಿಯಲ್ಲಿ ಜಂಬುಕರಾಯನ ತಂಗಿ ಎರಡು ಮರಿಗಳೊಂದಿಗೆ ನಿಂತಿದ್ದಳು. ಜಿಂಕೆಗಳು ಕೊಂಬು ಬಗ್ಗಿಸಿ ಅವಳನ್ನು ಹಿಂದಕ್ಕೆ ದೂಡುತ್ತಿದ್ದವು. ನೀಲವ್ವ ನಡುವೆ ಹೋಗಿ ಜಿಂಕೆಗಳಿಗೆ ಬೆನ್ನು ತಿರುಗಿಸಿ ನಿಂತಳು. ಮುಳ್ಳೆತ್ತಿದಳು. ಕಾಲು ಅಪ್ಪಳಿಸಿ ಗಲಗಲ ಆಡಿಸಿದಳು.

ಅಲ್ಲಿ ನೆಲ ಗಟ್ಟಿಯಾಗಿತ್ತು, ಬಿರುಕು ಎಲ್ಲೂ ಇರಲಿಲ್ಲ. ಆದರೂ ಜಿಂಕೆಗಳು ತಮ್ಮ ಕಾಲಡಿಯನ್ನು ಒಮ್ಮೆ ನೋಡಿಕೊಂಡವು. ಆಮೇಲೆ ಒಂದೊಂದಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ನರಿಮರಿಗಳು ಓಡಿಹೋಗಿ ನೀರಿಗೆ ಬಾಯಿ ಹಾಕಿದವು.

ನೀತಿ: ಯಾರೋ ಕತ್ತರಿಸಿ ತೋರಿಸಿದ ಒಬ್ಬರನ್ನು ನೋಡಿ ಅವರ ಸೀಮೆಯವರನ್ನೆಲ್ಲ ತೀರ್ಮಾನಿಸಬೇಡಿ, ನಾಳೆ ನಿಮ್ಮಲ್ಲೊಬ್ಬರನ್ನು ತೋರಿಸಿ ನಿಮ್ಮನ್ನೆಲ್ಲ ಹಾಗೆಯೇ ತೀರ್ಮಾನಿಸುತ್ತಾರೆ.