ಅಂಜಿದಯ್ಯನ ಬಂಡೆ

ಗುಂಡಿನಹಾಳದ ಪಡುವಣಕ್ಕೆ, ಜೋಳದ ಹೊಲಗಳು ಮುಗಿದು ಕಲ್ಲುಗುಡ್ಡ ಏಳುವಲ್ಲಿ, ಮನೆಯಷ್ಟು ದೊಡ್ಡ ಬಂಡೆಯೊಂದು ಎರಡು ಸಣ್ಣ ಕಲ್ಲುಗಳ ಮೇಲೆ ಒರಗಿ ನಿಂತಿದೆ. ಕೆಳಗೆ ಹತ್ತಾರು ಜನ ಕೂರುವಷ್ಟು ನೆರಳಿದ್ದರೂ ಕುರಿ ಕಾಯುವವರು ಸುಡುಬಿಸಿಲಲ್ಲೂ ಅದರಡಿ ನಿಲ್ಲುವುದಿಲ್ಲ. ಈಗ ಉರುಳೀತು, ಆಗ ಉರುಳೀತು ಎಂಬಂತಿದೆ ಅದರ ನಿಲುವು. ಅಂಜಿದಯ್ಯನ ಬಂಡೆ ಎಂದು ಅದರ ಹೆಸರು.

ಹಿಂದೊಮ್ಮೆ, ದೇಸಾಯರ ಕಾಲದಲ್ಲಿ, ಈ ಊರಿನ ಮಠದಲ್ಲಿ ಮುರಿಗಯ್ಯನೆಂಬವನು ಗಂಡುಮಕ್ಕಳಿಗೆ ಓದು ಕಲಿಸುತ್ತಿದ್ದನಂತೆ. ಬಲು ಪುಕ್ಕಲ; ನಾಯಿ ಬೊಗಳಿದರೆ ದಾರಿ ಬದಲಿಸುವವನು. ಒಂಬತ್ತು ವರ್ಷದ ಮಗಳು ಗುರುಬಸವ್ವ ತನಗೂ ಕಲಿಸೆಂದು ಹಟ ಹಿಡಿದಾಗ, ಅವಳೊಬ್ಬಳೇ ಏಕೆ, ಊರ ಹೆಣ್ಣುಮಕ್ಕಳೆಲ್ಲ ಕಲಿಯಲಿ ಎಂದು ಅವನು ಮನೆಮನೆಗೆ ಹೋಗಿ ಕೇಳಿದನು. ಅಕ್ಷರ ಕಲಿತ ಹೆಣ್ಣಿನ ಗಂಡ ಬಾಳುವುದಿಲ್ಲ ಎಂಬ ಭಯ ಆಗ ಊರಿಗೆಲ್ಲ ಇತ್ತು. ಬಾಗಿಲು ಮುಚ್ಚಿಕೊಂಡವರ ಮನೆಗೇ ಮರುದಿನ ಮತ್ತೆ ಅಂಜುತ್ತಲೇ ಹೋಗುತ್ತಿದ್ದನು. ಊರಗೌಡ ದ್ಯಾವನಗೌಡ ಬೇಸತ್ತು, ಮಠದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿಲ್ಲ, ಕಲಿಸಲೇಬೇಕೆಂದರೆ ಆ ಬಂಡೆಯ ಕೆಳಗೆ ಕಲಿಸಲಿ ಎಂದು ಅಪ್ಪಣೆ ಮಾಡಿದನು. ಅಂಜಿ ಅಯ್ಯ ಕಲಿಸುವುದನ್ನೇ ಬಿಟ್ಟಾನು ಎಂದು ಅವನ ಎಣಿಕೆ.

ಮುರಿಗಯ್ಯ ಮಗಳ ಕೈ ಹಿಡಿದು ಹೋದನು. ದಿನಕ್ಕೊಂದು ಅಕ್ಷರವನ್ನು ಕಾವಿಕಲ್ಲಿನಿಂದ ಬಂಡೆಯ ಒಳಮೈಗೆ ಬರೆಯುವನು. ಕಣ್ಣು ಮಾತ್ರ ಮೇಲೆಯೇ. ಹತ್ತನೆಯ ದಿನ ನಡುಹಗಲಲ್ಲಿ ಕಲ್ಲು ಸಿಡಿದ ಸದ್ದಾಗಿ, ಬಾಗಿಲಗಲದ ಚಕ್ಕೆಯೊಂದು ಅವರ ಪಕ್ಕದಲ್ಲೇ ಬಿತ್ತು. ಮುರಿಗಯ್ಯ ಮಗಳ ಮೇಲೆ ಬೋರಲಾಗಿ ಬಿದ್ದನು. ಮರುದಿನ ಬಂಡೆಯ ಮುಂದೆ ನಿಂತರೆ ಕಾಲು ಏಳಲೊಲ್ಲದು. ಗುರುಬಸವ್ವ ತಾನೇ ಒಳಗೆ ಹೋಗಿ ಕುಳಿತಳು.

"ಅಪ್ಪಾ, ಅಂಜಿಕಿ ಆದ್ರ ನೀ ಹೊರಗ ನಿಂತ ಹೇಳಿಕೊಡು," ಎಂದಳು.

ಅವನು ಅಳುತ್ತ, ತೆವಳಿಕೊಂಡು ಒಳಹೊಕ್ಕನು. ದೂರ ನಿಂತು ನೋಡುತ್ತಿದ್ದ ಜನ ನಕ್ಕು ಬಂಡೆಗೆ ಈ ಹೆಸರಿಟ್ಟರು.

ನಗದೆ ನಿಂತವಳು ನೇಕಾರರ ಹನುಮವ್ವ ಒಬ್ಬಳೇ. ಮಾರನೆಯ ದಿನ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದಳು. ಬೇಡವೆಂದು ಅಯ್ಯ ಕೈಮುಗಿದನು. ಬೇರೆಯವರ ಮಕ್ಕಳನ್ನು ಆ ಕಲ್ಲಿನಡಿ ಕೂರಿಸಿಕೊಳ್ಳಲು ಅವನ ಜೀವ ಹಿಡಿಯಾಯಿತು. "ನಿಮ್ಮ ಮಗಳು ಕುಂತಾಳಲ್ರಿ, ಅಯ್ನಾರ," ಎಂದಷ್ಟೇ ಹೇಳಿ ಅವಳು ಮಕ್ಕಳನ್ನು ಬಿಟ್ಟುಹೋದಳು. ಒಬ್ಬರನ್ನು ನೋಡಿ ಇನ್ನೊಬ್ಬರು ಬಂದರು. ಒಂದು ಬೆಳಗ್ಗೆ ಗೌಡನ ಮೊಮ್ಮಗಳೂ ಮನೆಯಲ್ಲಿ ಹೇಳದೆ ಬಂದು ಕುಳಿತಿದ್ದಳು. ಸುದ್ದಿ ಕೇಳಿದ ಗೌಡ ಮುಂಡಾಸಿಲ್ಲದೆ ಓಡಿಬಂದನು. ಕೂಗಿದರೆ ಕಲ್ಲು ಅಲುಗೀತೆಂದು ಕೂಗಲೂ ಹೆದರಿದನು.

"ಅಯ್ನಾರ, ಒಬ್ಬೊಬ್ಬರನ್ನ ಹೊರಗ ಕಳಸ್ರಿ," ಎಂದು ಪಿಸುಗುಟ್ಟಿದನು. "ನಾಳಿಂದ ಎಲ್ಲಾರೂ ಚಾವಡ್ಯಾಗ ಕುಂತು ಕಲೀಲಿ."

ಧೈರ್ಯ ಮಾಡಿ ಬಗ್ಗಿ ನೋಡುವವರಿಗೆ ಬಂಡೆಯ ಒಳಮೈಯಲ್ಲಿ ಕಾವಿಯ ಗೆರೆಗಳು ಮಾಸಲಾಗಿ ಕಾಣುತ್ತವೆ. ಒಂದೂ ನೆಟ್ಟಗಿಲ್ಲ, ಬರೆದ ಕೈ ನಡುಗಿದ್ದು ತಿಳಿಯುತ್ತದೆ. 'ಅ'ದಿಂದ ಹೊರಟ ಸಾಲು 'ಜ'ಕ್ಕೆ ನಿಂತುಹೋಗಿದೆ. ಉಳಿದ ಅಕ್ಷರಗಳನ್ನು ಆ ಮಕ್ಕಳು ಚಾವಡಿಯಲ್ಲಿ ಕಲಿತರು ಎನ್ನುತ್ತಾರೆ.