ಪೆಶಾವರದ ಖಾನನೂ ಒಂದು ಹುಲ್ಲುಕಡ್ಡಿಯೂ

"ಕೇಳ್ರಪ್ಪೋ ಕೇಳ್ರಿ! ಪೆಶಾವರದ ಒಡೆಯ ಸರ್ಬುಲಂದ್ ಖಾನರ ಅಪ್ಪಣೆ! ಖಾನರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನು ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ಶುಕ್ರವಾರದ ನಮಾಜು ಮುಗಿದ ಮೇಲೆ ತಲೆ ಉರುಳುತ್ತದೆ!"

ಡಂಗುರದವನು ಹೀಗೆ ಕೂಗುತ್ತಾ ಪೇಟೆಬೀದಿ ದಾಟಿ, ಊರಬಾಗಿಲು ದಾಟಿ, ಬಯಲಿನ ಕಬ್ಬಿನ ಗದ್ದೆಗಳಿಗೆ ಬಂದ. ಅಲ್ಲೊಂದು ಆಲೆಮನೆಯಲ್ಲಿ ಸಮಂದರ್ ಎಂಬ ಯುವಕ ಬೆಲ್ಲದ ಕೊಪ್ಪರಿಗೆ ಕಲಕುತ್ತಿದ್ದ. ಕೂಗು ಕಿವಿಗೆ ಬಿದ್ದದ್ದೇ ತಡ, ಸೀದಾ ಮನೆಗೆ ನಡೆದ.

ಅವನ ತಾಯಿ ಬಖ್ತಾವರ ಹಾಸಿಗೆ ಹಿಡಿದಿದ್ದಳು. ಆಕೆಯ ಮಂಚ ಯಾವಾಗಲೂ ಬಾಗಿಲಿಗೆ ಎದುರಾಗಿಯೇ ಇರುತ್ತಿತ್ತು.

"ಅಮ್ಮಾ, ಕೋಟೆಗೆ ಹೋಗಿ ಬರ್ತೀನಿ. ನಿನಗೇನು ಬೇಕು ಹೇಳು, ಅದನ್ನೇ ಕೇಳ್ತೀನಿ."

"ನನಗ್ಯಾತರ ಹೊಲ, ಯಾತರ ಹೊನ್ನು? ಆ ಖಾನ ಈ ಹೊಸ್ತಿಲಿಗೆ ಬಂದು ತಪ್ಪಾಯ್ತು ಅನ್ನಲಿ. ಅದೊಂದು ನೋಡಿ ಕಣ್ಣು ಮುಚ್ತೀನಿ. ಬೇಗ ಬಾರೋ ಮಗನೇ, ನನ್ನ ಹತ್ರ ಹೆಚ್ಚು ಹೊತ್ತಿಲ್ಲ."

ಆ ನಾಡಿನ ಕಟ್ಟಳೆ ನಿಮಗೆ ಹೇಳಬೇಕು. ಕಾಪಾಡಿ ಅಂತ ಬಂದವನು ಹಗೆಯೇ ಆಗಿರಲಿ, ಅವನನ್ನು ಹೊರಗೆ ಅಟ್ಟುವಂತಿಲ್ಲ. ಸಮಂದರನ ತಂದೆಯನ್ನು ಕಾಲುವೆ ನೀರಿನ ಜಗಳದಲ್ಲಿ ಹಗೆಗಳು ಅಟ್ಟಿಸಿಕೊಂಡು ಬಂದಾಗ ಅವನು ಓಡಿ ಈ ಖಾನನ ಅತಿಥಿಮನೆ ಹೊಕ್ಕಿದ್ದ. ಖಾನನಿಗೆ ಆ ಹಗೆಗಳ ಬಳಗದ ಭಯ. ನಡುಹಗಲಲ್ಲಿ, ಪೇಟೆಯೆಲ್ಲ ನೋಡುತ್ತಿರುವಾಗ, ಅವನನ್ನು ಬೀದಿಗೆ ದಬ್ಬಿದ. ಹೊಳೆದಂಡೆಯಲ್ಲಿ ಹೆಣ ಬಿತ್ತು. ಅಂದಿನಿಂದ ಖಾನನಿಗೆ ತುತ್ತು ಇಳಿಯದು, ನಿದ್ದೆ ಬಾರದು. ತಪ್ಪಾಯ್ತು ಅನ್ನಲು ನಾಲಗೆಯೂ ಏಳದು. ಯಾರಾದರೂ ಆ ತಪ್ಪನ್ನು ತನ್ನ ಮುಖದ ಮೇಲೇ ಹೇಳಲಿ ಎಂದು ಒಗಟು ಕಟ್ಟಿ ಕೂತ. ದೊಡ್ಡವರ ಸಂಕಟವೂ ಬಡವರ ತಲೆಗೇ ಬರಬೇಕು ನೋಡಿ!

ಕೋಟೆಯಲ್ಲಿ ಸಮಂದರನಿಗಿಂತ ಮುಂದೆ ಇಬ್ಬರಿದ್ದರು.

ಖಾನ ಮೊದಲ ಒಗಟು ಹೇಳಿದ: "ಕರೆಯದೆ ಬರುತ್ತಾನೆ, ಬಂದ ಗಳಿಗೆಗೆ ಮನೆಗೇ ಒಡೆಯನಾಗುತ್ತಾನೆ. ಅವನನ್ನು ಹೊರಹಾಕಿದವನಿಗೆ ಆಮೇಲೆ ತನ್ನ ಮನೆಯೂ ಮನೆಯಲ್ಲ. ಯಾರವನು?"

"ನಿದ್ದೆ!" ಅಂದ ಕಾಬೂಲಿನ ಕುದುರೆ ವ್ಯಾಪಾರಿ. ಭಟರು ಅವನ ಕೈ ಕಟ್ಟಿದರು.

ಎರಡನೆಯವನು ಸರದಾರನ ಮಗ. "ಅತಿಥಿ," ಅಂದ. ಸರಿಯಾಯಿತು.

ಖಾನ ಎರಡನೆಯದು ಕೇಳಿದ: "ಎತ್ತಿನ ಬಾಯಲ್ಲಿದ್ದರೆ ಮೇವು, ಮನುಷ್ಯನ ಬಾಯಲ್ಲಿದ್ದರೆ ಗುರಾಣಿ. ಏನದು?"

ಸರದಾರನ ಮಗ ಬಾಯಿ ತೆರೆದ, ಖಾನನ ಮುಖ ನೋಡಿದ. "ಉಪ್ಪು," ಅಂದ.

"ಗೊತ್ತಿದ್ದೂ ಹೇಳಲಿಲ್ಲವಲ್ಲೋ!" ಅಂದ ಖಾನ. ಅವನ ಕೈಯನ್ನೂ ಕಟ್ಟಿದರು. ಉತ್ತರ ಊರಿಗೆಲ್ಲ ಗೊತ್ತಿತ್ತು, ಹೇಳುವ ಎದೆ ಯಾರಿಗೂ ಇರಲಿಲ್ಲ.

ಸಮಂದರ್ ಮುಂದೆ ಬಂದ.

"ಖಾನ್ ಸಾಹೇಬ್ರೆ, ಮೊದಲನೇದು ಅತಿಥಿ. ನೀವು ಹೊರಗೆ ದಬ್ಬಿದ ಅತಿಥಿ ನಮ್ಮಪ್ಪ. ಎರಡನೇದು ಹುಲ್ಲುಕಡ್ಡಿ. ತಪ್ಪು ಮಾಡಿದೋನು ಅದನ್ನ ಹಲ್ಲಲ್ಲಿ ಕಚ್ಚಿ, 'ನಾನು ನಿಮ್ಮ ಮನೆ ಎತ್ತು, ಹೊಡೀರಿ, ಇಲ್ಲಾ ಕಟ್ಟಿ ಹಾಕಿ' ಅಂತ ಬಾಗಿಲಿಗೆ ಬಂದ್ರೆ ಅವನ ಮೇಲೆ ಯಾರೂ ಕೈ ಮಾಡೋ ಹಾಗಿಲ್ಲ. ನೊಂದೋರು ಆ ಕಡ್ಡೀನ ಕೈಯಾರೆ ತೆಗೀಬೇಕು. ಆಗ ಹಗೆ ತೀರ್ತು."

ಖಾನನ ದನಿ ಇಳಿಯಿತು: "ಮೂರನೆಯದು. ಹೊತ್ತಿಗೆ ಬಂದರೆ ಬೆಲ್ಲ, ಹೊತ್ತು ಮೀರಿದರೆ ನಾಯಿಯೂ ಮೂಸದು. ಕೊಟ್ಟವನಿಗೆ ಖರ್ಚಿಲ್ಲ, ಆದರೂ ಕೊಡಲು ಕೈ ಏಳದು. ಏನದು?"

"ತಪ್ಪಾಯ್ತು ಅನ್ನೋ ಮಾತು, ಸಾಹೇಬ್ರೆ. ಪಾಕ ಹದಕ್ಕೆ ಬಂದಾಗಲೇ ಇಳಿಸಬೇಕು. ಒಂದು ಗಳಿಗೆ ತಡವಾದ್ರೆ ಸೀದು ಹೋಗುತ್ತೆ, ಆಮೇಲೆ ಎಷ್ಟು ಕಲಕಿದ್ರೇನು?"

ಖಾನ ಗದ್ದುಗೆಯಿಂದ ಕೆಳಗಿಳಿದು ಬಂದ. ಕಟ್ಟಿದ್ದ ಇಬ್ಬರನ್ನೂ ಬಿಡಿಸಿದ. "ನೀನು ಗೆದ್ದೆ ಮಗನೇ. ಏನು ಬೇಕು?"

"ಹುಲ್ಲು ಕಚ್ಚಿ ನಮ್ಮ ಹೊಸ್ತಿಲಿಗೆ ಬನ್ನಿ."

"ಈಗಲೇ ಬರ್ತೀನಿ. ಕುದುರೆಗೆ ಜೀನು ಹಾಕ್ರೋ!"

ಇಲ್ಲಿಯೇ ನೋಡಿ ಸಮಂದರ್ ಎಡವಿದ್ದು. ಅಪ್ಪನನ್ನು ಊರೆಲ್ಲ ನೋಡುವಾಗ ದಬ್ಬಿದ ಖಾನ ಸಂಜೆ ಮಬ್ಬಿನಲ್ಲಿ ಕಳ್ಳನ ಹಾಗೆ ಬಂದು ಹೋದರೆ ಆಯಿತೇ ಅನ್ನಿಸಿತು ಅವನಿಗೆ. "ಬೇಡಿ ಸಾಹೇಬ್ರೆ, ನಾಳೆ ಬನ್ನಿ. ಹಿರಿಯರನ್ನ ಕರೆದು, ತಪ್ಪುಕಾಣಿಕೆಯ ಕುರಿ ಹಿಡಿದು, ಡೋಲು ಬಾರಿಸಿಕೊಂಡು ಬನ್ನಿ. ಬಯಲೆಲ್ಲ ನೋಡ್ಲಿ."

"ತಡ ಮಾಡೋದು ಬೇಡ ಕಣೋ," ಅಂದ ಖಾನ. ಸಮಂದರ್ ಕೇಳಲಿಲ್ಲ. ಆ ಸಂಜೆಯೆಲ್ಲ ಹಳ್ಳಿಹಳ್ಳಿ ಸುತ್ತಿ ಹಿರಿಯರನ್ನು ಕರೆದ. ಇರುಳು ಕೋಟೆಯಲ್ಲೇ ಉಳಿದ. ಅಮ್ಮನಿಗೆ ಗೆದ್ದೆ ಎಂದು ಹೇಳಿ ಕಳಿಸಿದ, ತಾನು ಮಾತ್ರ ಹೋಗಲಿಲ್ಲ. ಖಾನನ ಪಕ್ಕದಲ್ಲೇ ಮನೆಗೆ ಬರುವ ಆಸೆ ಅವನಿಗೆ.

ಬೆಳಿಗ್ಗೆ ಮೆರವಣಿಗೆ ಹೊರಟಿತು. ಏನು ಜನ, ಏನು ಡೋಲು! ಮುಂದೆ ಕೊಬ್ಬಿದ ಕುರಿ, ಹಿಂದೆ ಬರಿಗಾಲಲ್ಲಿ, ಹಲ್ಲಲ್ಲಿ ಹುಲ್ಲು ಕಚ್ಚಿದ ಪೆಶಾವರದ ಒಡೆಯ. ಕಬ್ಬಿನ ಗದ್ದೆಗಳ ಬದುವಿನ ಮೇಲೆಲ್ಲ ಜನ ನಿಂತು ನೋಡಿದರು. ಸಮಂದರನ ತಲೆ ಎತ್ತಿದ್ದು ಇಳಿಯಲೇ ಇಲ್ಲ.

ಮನೆಯ ಬಾಗಿಲು ಎಂದಿನಂತೆ ತೆರೆದಿತ್ತು. ನೆರೆಮನೆಯ ಮುದುಕಿ ಹೊರಗೆ ಬಂದು ಡೋಲಿನವನ ಕೈ ಹಿಡಿದು ನಿಲ್ಲಿಸಿದಳು.

"ಇರುಳೆಲ್ಲ 'ಬಂದ್ರಾ, ಬಂದ್ರಾ' ಅಂತ ಕೇಳ್ತಾನೇ ಇದ್ಲು ಕಣಪ್ಪಾ. ಬೆಳಗಿನ ಬಾಂಗ್ ಕೂಗೋ ಹೊತ್ತಿಗೆ ಹೋದ್ಲು. ಕಣ್ಣು ಬಾಗಿಲ ಕಡೇನೇ ಇತ್ತು, ನಾನೇ ಮುಚ್ಚಿದೆ."

ಖಾನ ಹೊಸ್ತಿಲಲ್ಲಿ ಮಂಡಿಯೂರಿದ. ಮಾತಾಡೋಣವೆಂದರೆ ಬಾಯಲ್ಲಿ ಹುಲ್ಲಿತ್ತು. ಕಣ್ಣೀರು ಗಡ್ಡಕ್ಕಿಳಿಯಿತು. ಸಮಂದರ್ ಬಗ್ಗಿ, ಖಾನನ ಹಲ್ಲಿನಿಂದ ಕಡ್ಡಿ ತೆಗೆದ. ಹಿರಿಯರು "ಹಗೆ ತೀರಿತು" ಎಂದರು. ಖಾನ ಕಾಲುವೆ ಬದಿಯ ಹೊಲವನ್ನು ಅವನ ಹೆಸರಿಗೆ ಅಲ್ಲೇ ಕೊಟ್ಟ. ಸಮಂದರನಿಗೆ ಅದು ಕೇಳಿಸಿತೋ ಇಲ್ಲವೋ.

ಅವನು ಒಳಗೆ ಹೋಗಿ ಅಮ್ಮನ ಮಂಚದ ಬಳಿ ಮಂಡಿಯೂರಿದ. ಆ ಹುಲ್ಲುಕಡ್ಡಿಯನ್ನು ತನ್ನ ಹಲ್ಲಲ್ಲಿ ಕಚ್ಚಿಕೊಂಡ. ತೆಗೆಯಬೇಕಾದ ಕೈ ತಣ್ಣಗಾಗಿತ್ತು.