ದುಗ್ಗಮ್ಮನ ಕೊಳಕ್ಕೆ ಬಂದ ನೆಂಟರು

ಮಕ್ಕಳೇ, ಬೋಳುಗುಡ್ಡದ ಕೆಳಗಿನ ಕಾಡಿನಲ್ಲಿ ಒಂದು ಸಣ್ಣ ಹಳ್ಳ ಹರಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಬಿರುಗಾಳಿ ಬೀಸಿ, ದಡದ ಮೇಲಿದ್ದ ಭಾರಿ ಹೊನ್ನೆಮರ ಬುಡಮೇಲಾಗಿ ಹಳ್ಳಕ್ಕೆ ಅಡ್ಡ ಬಿತ್ತು. ಮರದ ಹಿಂದೆ ಮಣ್ಣು ಕೂತಿತು, ನೀರು ನಿಂತಿತು. ನೋಡುನೋಡುತ್ತಿದ್ದಂತೆ ಅಲ್ಲೊಂದು ಹೊಸ ಕೊಳವೇ ಆಗಿಬಿಟ್ಟಿತು.

ಆ ಕೊಳಕ್ಕೆ ಮೊದಲು ಬಂದವಳು ಆಮೆ ದುಗ್ಗಮ್ಮ. ಮೊದಲು ಬಂದವಳಾದ್ದರಿಂದ ಕೊಳ ತನ್ನದೇ ಎಂದುಕೊಂಡಳು. ಆಮೇಲೆ ಕಿರುಮೀನು ಬೆಳ್ಳಕ್ಕ ತನ್ನ ಬಳಗವನ್ನೆಲ್ಲ ಕಟ್ಟಿಕೊಂಡು ಬಂದಳು. ಬಸವನಹುಳು ಬಸಪ್ಪ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಬಂದ. ತಳದಲ್ಲಿ ನೀರುಹುಲ್ಲು ಚಿಗುರಿತು. ನೈದಿಲೆಯ ಒಂದೆರಡು ಎಲೆಗಳು ಮೇಲೆದ್ದು ನೀರಿನ ಮೇಲೆ ತೇಲಿದವು.

ದುಗ್ಗಮ್ಮ ಕೆಟ್ಟವಳೇನಲ್ಲ. ಆದರೆ ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಲ್ಲಿ ಏನು ಕೆಟ್ಟರೂ ತಪ್ಪು ಇನ್ನೊಬ್ಬರದೇ!

ಹೊಸ ಕೊಳದ ಸಂಭ್ರಮಕ್ಕೆ ಅವಳು ಎಲ್ಲರಿಗೂ ಔತಣ ಹಾಕಿಸಿದಳು. ದಡದ ಅತ್ತಿಮರದಲ್ಲಿದ್ದ ಕೋತಿಗಳಿಗೆ ಹೇಳಿ ಹಣ್ಣು ಉದುರಿಸಿದಳು. "ದುಗ್ಗಮ್ಮನದು ಎಂಥಾ ದೊಡ್ಡ ಕೈ!" ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆ ಎಷ್ಟು ಹಿತವಾಯಿತೆಂದರೆ ಮರುದಿನವೂ ಹಣ್ಣು ಬಿತ್ತು, ಅದರ ಮರುದಿನವೂ ಬಿತ್ತು. ತಿಂದವರಿಗೆ ಹೊಟ್ಟೆ ತುಂಬಿತು. ಉಳಿದದ್ದು ತಳ ಸೇರಿ ಕೊಳೆಯಿತು. ಹೊನ್ನೆಮರ ಹೋದ ಮೇಲೆ ನೀರಿಗೆ ನೆರಳೂ ಇರಲಿಲ್ಲ. ಬಿಸಿಲು ನೇರವಾಗಿ ಸುರಿಯುತ್ತಿತ್ತು.

ಇನ್ನೇನು ಬೇಕು? ಪಾಚಿ ಬಂತು. ಮೊದಲು ಕಲ್ಲಿನ ಮೇಲೆ ತೆಳ್ಳಗೆ ಹಬ್ಬಿತು, ಆಮೇಲೆ ಹುಲ್ಲಿಗೆ ಜೋತುಬಿತ್ತು, ಕೊನೆಗೆ ಕೊಳದ ಮೇಲೆಲ್ಲ ಹಸಿರು ಕೆನೆಯ ಹಾಗೆ ಕಟ್ಟಿಕೊಂಡಿತು.

ಒಂದು ದಿನ ಕೆಳಗಿನ ದೊಡ್ಡ ಕೆರೆಯಿಂದ ನೀರುಕೋಳಿ ಶಿಂಗಾರಿ ಬಂದವಳು ಮೂಗು ಮುರಿದಳು. "ಅಯ್ಯೋ ದುಗ್ಗಮ್ಮ, ಹೊಸ ಕೊಳ ಅಂತ ಊರೆಲ್ಲ ಸಾರಿದ್ದೆಯಲ್ಲ! ಇದೇನಿದು, ಕಾಲಿಟ್ಟರೆ ಜಾರುತ್ತೆ, ಮೂಗಿಟ್ಟರೆ ನಾರುತ್ತೆ!"

ದುಗ್ಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಶಿಂಗಾರಿ ಅತ್ತ ಹೋಗುತ್ತಲೇ ಇತ್ತ ಬಸಪ್ಪನ ಮೇಲೆ ಹರಿಹಾಯ್ದಳು.

"ಪಾಚಿ ತಿನ್ನೋದೇ ನಿನ್ನ ಕೆಲಸ ಅಲ್ವೇನೋ? ತಿಂದು ತೇಗಿ ಚಿಪ್ಪಿನೊಳಗೆ ಮಲಗಿದ್ದೀಯಾ? ನನ್ನ ಮಾನ ಹೋಯ್ತಲ್ಲ!"

ಬಸಪ್ಪ ಪಾಪ, ಅರ್ಧ ಕಲ್ಲನ್ನು ಬೆಳ್ಳಗೆ ಮಾಡಿ ಸುಸ್ತಾಗಿ ಕೂತಿದ್ದ. "ನಾನು ಒಂದು ಕಡೆ ತಿಂತಾ ಬಂದರೆ ಇನ್ನೊಂದು ಕಡೆ ಬೆಳೆಯುತ್ತಲ್ಲ ಅಕ್ಕಾ. ನಾನೊಬ್ಬ ಏನು ಮಾಡಲಿ?" ಎಂದ.

ಬೆಳ್ಳಕ್ಕ ಮೆಲ್ಲಗೆ ಬಾಯಿ ಹಾಕಿದಳು. "ಅಕ್ಕಾ, ಸ್ವಲ್ಪ ದಿನ ಈ ಹಣ್ಣು ಸುರಿಸೋದನ್ನು ನಿಲ್ಲಿಸೋಣ. ನೈದಿಲೆ ಹರಡಿಕೊಳ್ಳಲಿ. ನೆರಳಾದರೆ ಪಾಚಿ ತಾನಾಗಿಯೇ..."

"ಏನಂದೆ?" ದುಗ್ಗಮ್ಮ ಕತ್ತು ಉದ್ದ ಮಾಡಿದಳು. "ಉಣ್ಣೋಕೆ ಇಟ್ಟವಳಿಗೇ ಹೆಸರಿಡ್ತೀಯಾ? ನನ್ನ ಹಣ್ಣು ತಿಂದು ನನ್ನ ಹಣ್ಣನ್ನೇ ಜರೀತೀಯಾ?"

ದುಗ್ಗಮ್ಮ ಅಷ್ಟಕ್ಕೇ ಬಿಡಲಿಲ್ಲ. ಶಿಂಗಾರಿ ಇನ್ನೊಮ್ಮೆ ಬಂದಾಗ ಅವಳ ಕೈಲಿ ದೊಡ್ಡ ಕೆರೆಗೆ ಹೇಳಿಕಳಿಸಿದಳು: ಹಸಿರು ತಿನ್ನುವವರು ಯಾರಾದರೂ ಇದ್ದರೆ ಬರಲಿ, ಇರಲು ಜಾಗ ಕೊಡುತ್ತೇನೆ.

ಹಳ್ಳದಲ್ಲಿ ಈಜಿಕೊಂಡು ಹುಲ್ಲುಗೆಂಡೆ ಮೀನು ಗೆಂಡಪ್ಪ ಬಂದ. ಅಬ್ಬಾ, ಎಂಥಾ ಮೈಕಟ್ಟು! ಅವನು ಮೈ ತಿರುಗಿಸಿದರೆ ಕೊಳದ ನೀರು ದಡಕ್ಕೆ ಬಡಿಯುತ್ತಿತ್ತು.

"ಹಸಿರು ತಿಂತೀಯೇನಪ್ಪಾ?" ಎಂದು ದುಗ್ಗಮ್ಮ ಕೇಳಿದಳು.

"ಹಸಿರು ಬಿಟ್ಟು ಬೇರೆ ಏನೂ ಮುಟ್ಟೋದಿಲ್ಲಮ್ಮಾ," ಎಂದ ಗೆಂಡಪ್ಪ.

ದುಗ್ಗಮ್ಮನಿಗೆ ಅಷ್ಟೇ ಸಾಕಾಯಿತು. ಯಾವ ಹಸಿರು ಎಂದು ಕೇಳಲಿಲ್ಲ.

ಗೆಂಡಪ್ಪ ತಿಂದ. ಮೊದಲು ನೈದಿಲೆಯ ಎಳೆ ಎಲೆಗಳನ್ನು ತಿಂದ. ಆಮೇಲೆ ನೀರುಹುಲ್ಲನ್ನು ಬುಡದ ತನಕ ಮೇಯ್ದ. ಪಾಚಿಯನ್ನು ಮಾತ್ರ ಮೂಸಿ ನೋಡಿ ಪಕ್ಕಕ್ಕೆ ತಳ್ಳಿದ. ತಿಂದಷ್ಟೂ ಹೊಲಸು ಮಾಡಿದ. ಆ ಹೊಲಸಿಗೆ ಪಾಚಿ ಇನ್ನೂ ಸೊಕ್ಕಿ ಬೆಳೆಯಿತು.

ಆ ನೀರುಹುಲ್ಲಿಗೆ ಬೆಳ್ಳಕ್ಕನ ಮೊಟ್ಟೆಗಳು ಅಂಟಿಕೊಂಡಿದ್ದವು. ಹುಲ್ಲಿನ ಜೊತೆ ಅವೂ ಹೋದವು.

ಬೆಳ್ಳಕ್ಕ ದುಗ್ಗಮ್ಮನ ಮುಖದ ಎದುರಿಗೇ ಬಂದು ನಿಂತಳು. "ನನ್ನ ಮಕ್ಕಳಕ್ಕಾ ಅವು! ಇನ್ನೂ ಕಣ್ಣು ಕೂಡ ಬಿಟ್ಟಿರಲಿಲ್ಲ. ಯಾರನ್ನು ಕೇಳಿ ಅವನನ್ನು ಕರೆಸಿದಿರಿ? ನಾವ್ಯಾರೂ ಈ ಕೊಳದಲ್ಲಿ ಇಲ್ಲವೇ?"

ದುಗ್ಗಮ್ಮನಿಗೆ ಎದೆಯೊಳಗೆ ಚುರುಕ್ಕೆಂದಿತು. ತಪ್ಪಾಯ್ತು ಅನ್ನಬೇಕು ಎಂದು ಬಾಯಿ ತೆರೆದಳು. ಆದರೆ ಹೊರಗೆ ಬಂದದ್ದು ಬೇರೆ ಮಾತು. "ನನ್ನ ಮೇಲೇಕೆ ಕೂಗ್ತೀಯಾ? ಮೋಸ ಮಾಡಿದವನು ಆ ಗೆಂಡಪ್ಪ! ನೋಡ್ತಿರು, ಅವನಿಗೆ ತಕ್ಕ ಶಾಸ್ತಿ ಮಾಡಿಸ್ತೀನಿ!"

ಗೆಂಡಪ್ಪನನ್ನು ಓಡಿಸುವವರನ್ನು ಕರೆತರಲು ಮತ್ತೆ ಶಿಂಗಾರಿ ಹೋದಳು. ಈ ಸಲ ಬಂದವನು ಕಾಳಿಂಗಯ್ಯ. ಅವನೂ ಮೀನೇ, ಆದರೆ ಹಾವಿನಂಥ ತಲೆ, ಕಪ್ಪು ಮೈ, ಬಾಯಿ ತುಂಬ ಹಲ್ಲು. ನೀರಿನಿಂದ ಮೂತಿ ಎತ್ತಿ ಗಾಳಿ ಗುಟುಕರಿಸಿ, "ಯಾರನ್ನು ಓಡಿಸಬೇಕು, ತೋರಿಸು," ಎಂದ.

ಅವನ ಹಲ್ಲು ಕಂಡದ್ದೇ ಗೆಂಡಪ್ಪ ಹೊನ್ನೆಮರವನ್ನು ಹಾರಿ ಹಳ್ಳಕ್ಕಿಳಿದು ಹೋದ. ದುಗ್ಗಮ್ಮನಿಗೆ ಹಿಗ್ಗೋ ಹಿಗ್ಗು. "ನೋಡಿದಿರಾ? ದುಗ್ಗಮ್ಮ ಮನಸ್ಸು ಮಾಡಿದರೆ ಇಷ್ಟೇ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಕಾಳಿಂಗಯ್ಯ ಹೋಗಲಿಲ್ಲ. ಕಲ್ಲಿನ ಸಂದಿಯಲ್ಲಿ ಮನೆ ಮಾಡಿದ. ಬೆಳ್ಳಕ್ಕನ ಬಳಗ ದಿನದಿನಕ್ಕೂ ಕರಗತೊಡಗಿತು. ಬೆಳಿಗ್ಗೆ ಜೊತೆಗೆ ಆಡಿದ ತಂಗಿ ಸಂಜೆಗೆ ಇರುತ್ತಿರಲಿಲ್ಲ. ಉಳಿದವರು ಭಯದಿಂದ ಪಾಚಿಯೊಳಗೆ ಅವಿತುಕೊಂಡರು. ಯಾವ ಪಾಚಿಯನ್ನು ದುಗ್ಗಮ್ಮ ಶಪಿಸುತ್ತಿದ್ದಳೋ ಆ ಪಾಚಿಯೇ ಅವರಿಗೆ ಆಸರೆಯಾಯಿತು!

ದುಗ್ಗಮ್ಮ ಕಾಳಿಂಗಯ್ಯನ ಸಂದಿಯ ಬಾಗಿಲಿಗೆ ಹೋದಳು. "ಏನಯ್ಯಾ ಇದು ಅನ್ಯಾಯ! ಗೆಂಡಪ್ಪನನ್ನು ಓಡಿಸು ಅಂದರೆ ನಮ್ಮವರನ್ನೇ ತಿಂತಾ ಕೂತಿದ್ದೀಯಲ್ಲ?"

ಕಾಳಿಂಗಯ್ಯ ಆಕಳಿಸಿದ. "ನಾನು ಮೀನು ತಿನ್ನೋ ಮೀನು. ಹುಟ್ಟಿದಾಗಿನಿಂದ ಅದೇ ನನ್ನ ಊಟ. ಏನು ತಿಂತೀಯಾ ಅಂತ ನೀನು ಕೇಳಲೇ ಇಲ್ಲವಲ್ಲ!"

ದುಗ್ಗಮ್ಮ ತಿರುಗಿ ನೋಡಿದರೆ ಪಾಚಿಯ ಎಳೆಗಳ ನಡುವಿನಿಂದ ಕಣ್ಣುಗಳು ಅವಳನ್ನೇ ದಿಟ್ಟಿಸುತ್ತಿದ್ದವು. ಬೆಳ್ಳಕ್ಕ ಮುಂದೆ ಬಂದಳು.

"ಹಣ್ಣು ಸುರಿಸಿ ಕೊಳ ಕೆಡಿಸಿದವರು ನೀವು. ಬೈಸಿಕೊಂಡವನು ಬಸಪ್ಪ. ನೆಂಟರನ್ನು ಕರೆಸಿದವರು ನೀವು. ಸತ್ತವರು ನನ್ನವರು. ನಿಮಗೇನಮ್ಮಾ, ಬೆನ್ನ ಮೇಲೆ ಗಟ್ಟಿ ಚಿಪ್ಪಿದೆ. ನಮಗೇನಿದೆ? ಇವತ್ತು ಯಾರನ್ನು ಬೈತೀರಿ, ಹೇಳಿ!"

ದುಗ್ಗಮ್ಮ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ಒಳಗೆ ಕತ್ತಲೆಯಿತ್ತು. ಅಲ್ಲಿ ಬೈಯಲು ಬೇರೆ ಯಾರೂ ಇರಲಿಲ್ಲ. ಇಷ್ಟು ದಿನ ಊರವರ ಮೇಲೆಲ್ಲ ಉರಿಯುತ್ತಿದ್ದ ಕೋಪ ಮೊದಲ ಸಲ ಅವಳ ಕಡೆಗೇ ತಿರುಗಿತು. ಅದು ಸುಟ್ಟ ಹಾಗೆ ಬೇರೆ ಯಾವುದೂ ಸುಟ್ಟಿರಲಿಲ್ಲ.

ಆಮೇಲೆ ಅವಳು ತಲೆಯನ್ನು ಹೊರಗೆ ಚಾಚಿದಳು. ನೆಟ್ಟಗೆ ಕಲ್ಲಿನ ಸಂದಿಗೆ ಹೋದಳು. ಹೊರಗೆ ಚಾಚಿಕೊಂಡಿದ್ದ ಕಾಳಿಂಗಯ್ಯನ ಬಾಲಕ್ಕೆ ಬಾಯಿ ಹಾಕಿದಳು. ಉಡದ ಪಟ್ಟು ಅಂತಾರಲ್ಲ, ಹಾಗೆ ಕಚ್ಚಿ ಹಿಡಿದಳು.

ಕಾಳಿಂಗಯ್ಯ ಒದ್ದಾಡಿದ. ಅವಳನ್ನು ಕಲ್ಲಿಗೆ ಬಡಿದ, ಕೆಸರಿನಲ್ಲಿ ಎಳೆದಾಡಿದ. ಅವಳ ಚಿಪ್ಪಿನ ಅಂಚು ಚಟ್ಟೆಂದು ಮುರಿಯಿತು. ಕಣ್ಣಿನಲ್ಲಿ ನೀರು ಬಂದರೂ ದುಗ್ಗಮ್ಮ ಬಿಡಲಿಲ್ಲ. ಕಾಳಿಂಗಯ್ಯನಿಗೆ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸದಿದ್ದರೆ ಆಗುತ್ತಿರಲಿಲ್ಲ. ಮೇಲೆ ಹೋಗೋಣವೆಂದರೆ ಬಾಲಕ್ಕೆ ಬಂಡೆ ಕಟ್ಟಿದಂತೆ ದುಗ್ಗಮ್ಮ!

"ಬಿಡೇ! ಉಸಿರು ಕಟ್ಟುತ್ತೆ!" ಎಂದು ಅವನು ಚೀರಿದ.

ದುಗ್ಗಮ್ಮ ಉತ್ತರ ಕೊಡಲಿಲ್ಲ. ಉತ್ತರ ಕೊಡಲು ಬಾಯಿ ತೆರೆಯಬೇಕಲ್ಲ!

"ಹೋಗ್ತೀನಿ! ಈ ಹಾಳು ಕೊಳ ನನಗೆ ಬೇಡ, ಹೋಗ್ತೀನಿ!"

ಅವಳು ಹಾಗೇ ಅವನನ್ನು ಹೊನ್ನೆಮರದ ತನಕ ಎಳೆದುಕೊಂಡು ಹೋದಳು. ಅಲ್ಲಿ ಬಾಯಿ ಬಿಟ್ಟಳು. ಕಾಳಿಂಗಯ್ಯ ಮೇಲಕ್ಕೆ ನೆಗೆದು ಒಂದು ಗುಟುಕು ಗಾಳಿ ಕುಡಿದು, ಮರವನ್ನು ದಾಟಿ, ಹಿಂದಿರುಗಿ ನೋಡದೆ ಹಳ್ಳಕ್ಕಿಳಿದ.

ಯಾರೂ ಜೈಕಾರ ಹಾಕಲಿಲ್ಲ. ಸತ್ತವರು ಮರಳಿ ಬರುವುದಿಲ್ಲವಲ್ಲ.

ದುಗ್ಗಮ್ಮ ಅತ್ತಿಮರದ ಕೆಳಗೆ ಹೋಗಿ, "ಇನ್ನು ಹಣ್ಣು ಉದುರಿಸಬೇಡಿ," ಎಂದಳು. ಕೋತಿಗಳಿಗೆ ಸಿಟ್ಟು ಬಂತು. "ನಮ್ಮ ಹಣ್ಣು ಕಹಿಯಾಯಿತೇ?" ಎಂದವು. "ಹಣ್ಣಿನಲ್ಲಿ ತಪ್ಪಿಲ್ಲ. ತಪ್ಪು ನನ್ನದು," ಎಂದಳು ದುಗ್ಗಮ್ಮ. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಆಮೇಲೆ ಕೊಳೆತ ಹಣ್ಣುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ದಡಕ್ಕೆ ಸಾಗಿಸಿದಳು. ಎಷ್ಟೇ ನಾತ ಹೊಡೆದರೂ ಯಾರನ್ನೂ ಕರೆಯಲಿಲ್ಲ. ಕರೆಯದಿದ್ದರೂ ಬಸಪ್ಪ ಬಂದ. "ನೀವು ಕೆಳಗಿನದು ನೋಡಿಕೊಳ್ಳಿ, ಕಲ್ಲಿನ ಮೇಲಿನದು ನನಗಿರಲಿ," ಎಂದ. ಗೆಂಡಪ್ಪ ಎಲೆ ತಿಂದಿದ್ದನೇ ಹೊರತು ಗೆಡ್ಡೆ ತಿಂದಿರಲಿಲ್ಲ. ನೈದಿಲೆ ಮತ್ತೆ ಚಿಗುರಿತು, ನೀರುಹುಲ್ಲೂ ತಲೆಯೆತ್ತಿತು. ಎಲೆಗಳು ಅಗಲವಾದಂತೆ ನೀರಿಗೆ ನೆರಳು ಬಿತ್ತು, ನೆರಳು ಬಿದ್ದಲ್ಲಿ ಪಾಚಿ ಸೊರಗಿತು. ಅವಸರವೇನೂ ಇಲ್ಲದೆ, ತನ್ನ ಪಾಡಿಗೆ ತಾನು ನೀರು ತಿಳಿಯಾಯಿತು. ಕಲ್ಲಿನ ಮೂಲೆಗಳಲ್ಲಿ ಒಂದಿಷ್ಟು ಪಾಚಿ ಉಳಿಯಿತು. ಉಳಿಯಲಿ ಬಿಡಿ, ಬಸಪ್ಪನೂ ಉಣ್ಣಬೇಕಲ್ಲವೇ?

ಮುಂದಿನ ಮಳೆಗೆ ಹಳ್ಳ ತುಂಬಿದಾಗ ಯಾರೋ ಒಬ್ಬ ಮೀಸೆಯ ಮೀನು ಹೊನ್ನೆಮರದ ಹತ್ತಿರ ಬಂದು, "ಇಲ್ಲಿ ಇರೋಕೆ ಜಾಗ ಇದೆಯೇನಮ್ಮಾ?" ಎಂದು ಕೇಳಿದ.

ದುಗ್ಗಮ್ಮ ದಾರಿಗೆ ಅಡ್ಡ ನಿಂತಳು. "ಏನು ತಿಂತೀಯಾ? ಬೆಳೆದರೆ ಎಷ್ಟು ದೊಡ್ಡವನಾಗ್ತೀಯಾ? ಚಿಕ್ಕವರ ಜೊತೆ ಹೇಗಿರ್ತೀಯಾ?"

ಅವನು ಎಲ್ಲಕ್ಕೂ ಉತ್ತರ ಕೊಟ್ಟ. "ಹಾಗಾದರೆ ಬರಲೇ?" ಎಂದ.

"ನನ್ನನ್ನು ಕೇಳಬೇಡ," ಎಂದಳು ದುಗ್ಗಮ್ಮ. "ಅಗೋ, ಆ ಹುಲ್ಲಿನ ಹತ್ತಿರ ಬೆಳ್ಳಕ್ಕ ಇದ್ದಾಳೆ. ಅವಳಿಗೆ ಪುಟ್ಟ ಮಕ್ಕಳಿದ್ದಾರೆ. ಅವಳು ಹೂಂ ಅಂದರೆ ಬಾ."

ನೀತಿ: ತಾನು ಮಾಡಿದ ಕೊಳೆಯನ್ನು ತಾನೇ ತೊಳೆಯಬೇಕು, ಗುಣ ವಿಚಾರಿಸದೆ ಕರೆತಂದ ನೆಂಟ ಮನೆಯವರನ್ನೇ ನುಂಗುತ್ತಾನೆ.